ಕೊನೆಯ ಮನೆಯ ತಂತಿ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಪಂಪನಿಂದಲೋ ಬಸವಣ್ಣನವರಿಂದಲೋ ಮಾತಿಗೆ ಮೊದಲುಮಾಡುವುದು ವಾಡಿಕೆ. ನಾನು ಸಾಹಿತಿಯಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿಯುತ್ತಿರುವವನು. ಹಾಗೆಂದು ತಪ್ಪಿಸಿಕೊಳ್ಳಲು ನೋಡಿದಾಗ, "ನಿಮಗೆ ತಿಳಿದ ವಿಷಯವನ್ನೇ ಹೇಳಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನನಗೆ ತಿಳಿದಿರುವುದು ಜಮೆ-ಖರ್ಚಿನ ಲೆಕ್ಕ. ಆದುದರಿಂದ ಒಂದು ಜಮೆ-ಖರ್ಚಿನ ಕಥೆಯನ್ನೇ ನಿಮ್ಮ ಮುಂದೆ ಇಡುತ್ತೇನೆ. ಹಳ್ಳಿಗೂ ಹೋಬಳಿಯ ಊರಿಗೂ ಇಂಟರ್ನೆಟ್ಟಿನ ತಂತಿಯನ್ನು ಎಳೆದುಕೊಡುವ ಸಣ್ಣ ಉದ್ಯಮಿಗಳ ಕಥೆ ಅದು.

ರಾಜ್ಯೋತ್ಸವಕ್ಕೂ ಈ ತಂತಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. 1956ರ ನವೆಂಬರ್ 1ರಂದು ಹಳೆಯ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳು ಮೈಸೂರು ರಾಜ್ಯವನ್ನು ಸೇರಿದವು. ಈ ನಗರ ಆಂಧ್ರಪ್ರದೇಶದ ರಾಜಧಾನಿಯಾಯಿತು. ಅನ್ನ ಇಲ್ಲಿ, ಬೇರು ಅಲ್ಲಿ ಎಂಬ ಸ್ಥಿತಿ ನಮ್ಮಲ್ಲಿ ಅನೇಕ ಮನೆತನಗಳಿಗೆ ಬಂದದ್ದು ಹಾಗೆ. ಆಮೇಲೆ ನೌಕರಿಗಾಗಿ ಧಾರವಾಡದಿಂದ, ಮಂಗಳೂರಿನಿಂದ, ಕಾಸರಗೋಡಿನಿಂದ ಬಂದವರ ಸ್ಥಿತಿಯೂ ಇದೇ. ಹಿಂದೆ ಈ ಎರಡು ಊರುಗಳ ನಡುವೆ ಅಂಚೆಯ ಕಾಗದವೂ ರಾತ್ರಿಯ ರೈಲೂ ಓಡಾಡುತ್ತಿದ್ದವು. ಇಂದು ಆ ಕೆಲಸವನ್ನು ಕೂದಲೆಳೆಯಷ್ಟು ತೆಳ್ಳನೆಯ ಗಾಜಿನ ಎಳೆಯೊಂದು ಮಾಡುತ್ತಿದೆ. ಸಂಜೆ ಏಳು ಗಂಟೆಗೆ ಊರಿನಲ್ಲಿರುವ ಅವ್ವನ ಮುಖವನ್ನು ಫೋನಿನಲ್ಲಿ ನೋಡಿ "ಊಟ ಆಯ್ತೇನವ್ವಾ" ಎಂದು ಕೇಳುವ ಭಾಗ್ಯ ನಮ್ಮದಾಗಿದೆ. ಆದರೆ ಆ ಎಳೆಯನ್ನು ಅವ್ವನ ಮನೆಯ ಬಾಗಿಲಿಗೆ ತಂದವರಾರು? ಅದು ಕಡಿದ ದಿನ ಬಂದು ಜೋಡಿಸುವವರಾರು? ನನ್ನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇರುತ್ತದೆ.

ಮೊದಲು ಸ್ವಲ್ಪ ಇತಿಹಾಸ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ವಿದೇಶ್ ಸಂಚಾರ್ ನಿಗಮವೆಂಬ ಸರಕಾರಿ ಸಂಸ್ಥೆಯ ಮೂಲಕ, ದೊಡ್ಡ ನಗರಗಳಲ್ಲಿ ಮಾತ್ರ. 1998ರಲ್ಲಿ ಸರಕಾರ ಈ ವ್ಯವಹಾರವನ್ನು ಖಾಸಗಿಯವರಿಗೂ ತೆರೆಯಿತು. ಲೈಸೆನ್ಸಿನಲ್ಲಿ ಎ, ಬಿ, ಸಿ ಎಂದು ಮೂರು ದರ್ಜೆಗಳನ್ನು ಮಾಡಿತು. ಎ ದರ್ಜೆಯವನು ದೇಶವೆಲ್ಲ ವ್ಯಾಪಾರ ಮಾಡಬಹುದು. ಬಿ ದರ್ಜೆಯವನು ಸುಮಾರಾಗಿ ಒಂದು ರಾಜ್ಯದಲ್ಲಿ. ಸಿ ದರ್ಜೆಯವನು ಒಂದು ಜಿಲ್ಲೆಯಷ್ಟು ವಿಸ್ತಾರದಲ್ಲಿ. 2013ರ ಏಕೀಕೃತ ಲೈಸೆನ್ಸ್ ಪದ್ಧತಿಯಲ್ಲಿ ಎ ದರ್ಜೆಯ ಪ್ರವೇಶ ಶುಲ್ಕ 30 ಲಕ್ಷ ರೂಪಾಯಿ. ಬಿ ದರ್ಜೆಗೆ 2 ಲಕ್ಷ. ಸಿ ದರ್ಜೆಗೆ ಬರಿಯ 20,000. ಅಂದರೆ ತಾಲ್ಲೂಕು ಊರಿನ ಒಬ್ಬ ಸಾಮಾನ್ಯ ಮನುಷ್ಯನೂ ಈ ವ್ಯಾಪಾರಕ್ಕೆ ಇಳಿಯಬಹುದೆಂದು ಕಾನೂನೇ ಒಪ್ಪಿಕೊಂಡಿತ್ತು.

ಇಳಿದವರು ಯಾರು? ಬಹುಮಟ್ಟಿಗೆ ನಮ್ಮ ಕೇಬಲ್ ಟಿ.ವಿ.ಯವರು. 1991ರ ಕೊಲ್ಲಿ ಯುದ್ಧದ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಬೇಕೆಂಬ ಆಸೆ ದೇಶದಲ್ಲಿ ಹುಟ್ಟಿದಾಗ, ಮಾಳಿಗೆಯ ಮೇಲೆ ದೊಡ್ಡ ತಟ್ಟೆ ನಿಲ್ಲಿಸಿ, ಮನೆಯಿಂದ ಮನೆಗೆ, ಮರದಿಂದ ಕಂಬಕ್ಕೆ ತಂತಿ ಎಳೆದ ಹುಡುಗರನ್ನು ಇಲ್ಲಿಯ ಹಿರಿಯರು ಮರೆತಿರಲಾರರು. 1995ರಲ್ಲಿ ಕೇಬಲ್ ಟಿ.ವಿ. ಕಾಯಿದೆ ಬಂದು, ಅವರೆಲ್ಲ ಪ್ರಧಾನ ಅಂಚೆ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿಕೊಂಡರು. ಯಾವ ಓಣಿಯಲ್ಲಿ ಯಾವ ಮನೆ, ಯಾರ ಗೋಡೆಯ ಮೇಲೆ ಮೊಳೆ ಹೊಡೆದರೆ ಜಗಳ ಬಾರದು, ಯಾರು ಒಂದನೆಯ ತಾರೀಖಿಗೆ ದುಡ್ಡು ಕೊಡುತ್ತಾರೆ, ಯಾರು ಹತ್ತು ಸಲ ಅಲೆಸುತ್ತಾರೆ, ಇವೆಲ್ಲ ಅವರಿಗೆ ಬಾಯಿಪಾಠ. ಈ ತಿಳಿವಳಿಕೆಯೇ ಅವರ ನಿಜವಾದ ಬಂಡವಾಳ. ಟಿ.ವಿ.ಯ ತಂತಿ ಹೋದ ದಾರಿಯಲ್ಲೇ ಮುಂದೆ ಇಂಟರ್ನೆಟ್ಟಿನ ತಂತಿ ಹೋಯಿತು. ನಮ್ಮ ಹೈದರಾಬಾದಿನ ಬೀಮ್ ಎಂಬ ಹೆಸರು ತಮಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಹುಟ್ಟಿದ ಆಕ್ಟ್ ಕಂಪೆನಿ ಅದನ್ನು ತನ್ನೊಳಗೆ ಸೇರಿಸಿಕೊಂಡು ಇಂದು ದೊಡ್ಡ ಸಂಸ್ಥೆಯಾಗಿದೆ. ಹೀಗೆ ಬೆಳೆದವರು ಕೆಲವರು. ಸಣ್ಣವರಾಗಿಯೇ ಉಳಿದವರು ಬಹಳ.

ಈ ವ್ಯಾಪಾರ ನಡೆಯುವ ಬಗೆಯನ್ನು ನನ್ನ ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ಬ್ಯಾಂಕಿನಲ್ಲಿ ಸಾವಿರ ಜನ ಠೇವಣಿ ಇಟ್ಟಿರುತ್ತಾರೆ. ಆ ಹಣವೆಲ್ಲ ನಮ್ಮ ತಿಜೋರಿಯಲ್ಲಿ ಇರುವುದಿಲ್ಲ. ಸಾವಿರ ಜನವೂ ಒಂದೇ ದಿನ ಬಂದು ಕೇಳುವುದಿಲ್ಲವೆಂಬ ನಂಬಿಕೆಯ ಮೇಲೆ ಬ್ಯಾಂಕು ನಡೆಯುತ್ತದೆ. ಇಂಟರ್ನೆಟ್ ಕೊಡುವವನದೂ ಇದೇ ಲೆಕ್ಕ. ಅವನು ಬಿ.ಎಸ್.ಎನ್.ಎಲ್. ಅಥವಾ ರೈಲ್‌ಟೆಲ್‌ನಂಥ ದೊಡ್ಡವರಿಂದ ಒಟ್ಟು ಸಾಮರ್ಥ್ಯವನ್ನು ಸಗಟಾಗಿ ಕೊಂಡು ಮನೆಗಳಿಗೆ ಚಿಲ್ಲರೆಯಾಗಿ ಹಂಚುತ್ತಾನೆ. ಅವನ ಕೋಣೆಯಲ್ಲಿರುವ ಯಂತ್ರದ ಒಂದು ಬಾಯಿಯಿಂದ ಹೊರಟ ಒಂದೇ ಗಾಜಿನ ಎಳೆ, ದಾರಿಯಲ್ಲಿ ಒಡೆದು ಒಡೆದು, 32 ಅಥವಾ 64 ಮನೆಗಳಿಗೆ ಮುಟ್ಟುತ್ತದೆ. ಹೀಗೆ ಸುಮಾರು 20 ಕಿಲೋಮೀಟರ್ ದೂರದವರೆಗೆ ಬೆಳಕನ್ನು ಕಳಿಸಬಹುದು. ಆ ಬಾಯಿಯಲ್ಲಿ ಇರುವುದು ಒಟ್ಟು ಎರಡೂವರೆ ಗಿಗಾಬಿಟ್ಟು. ಅದನ್ನೇ ಅಷ್ಟೂ ಮನೆಗಳು ಹಂಚಿಕೊಳ್ಳಬೇಕು. ಒಬ್ಬರು ಸಿನಿಮಾ ನೋಡುವಾಗ ಇನ್ನೊಬ್ಬರು ಮಲಗಿರುತ್ತಾರೆ, ಲೆಕ್ಕ ಸರಿಹೋಗುತ್ತದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಈ ಲೆಕ್ಕ ತಪ್ಪಿತು. ಎಲ್ಲರೂ ಒಂದೇ ಹೊತ್ತಿಗೆ ಮನೆಯಲ್ಲಿ ಕುಳಿತರು. ಬ್ಯಾಂಕಿನ ಬಾಗಿಲಿಗೆ ಠೇವಣಿದಾರರೆಲ್ಲ ಒಮ್ಮೆಲೇ ಬಂದಂತಾಯಿತು. ನಗರದಲ್ಲಿ "ನೆಟ್ ನಹೀ ಆರಾ ಭಾಯಿ" ಎಂದು ನಾವು ಗೊಣಗಿಕೊಂಡೆವು. ಹಳ್ಳಿಗಳಲ್ಲಿ ಗೊಣಗುವುದಕ್ಕೂ ಏನೂ ಇರಲಿಲ್ಲ. 2021ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನಿಂದ ಒಂದು ಚಿತ್ರ ಪತ್ರಿಕೆಗಳಲ್ಲಿ ಬಂತು. ರಸ್ತೆಯ ಬದಿಯಲ್ಲಿ ಕುಳಿತು ಫೋನಿನಲ್ಲಿ ಪಾಠ ಕೇಳುತ್ತಿದ್ದ ಹುಡುಗಿ. ಸುರಿಯುವ ಮಳೆಯಲ್ಲಿ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ತಂದೆ. ಅವರ ಮನೆಗೆ ಸಿಗ್ನಲ್ ಬರುತ್ತಿರಲಿಲ್ಲ. ಆ ಕಾಲದಲ್ಲಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ಮರ ಹತ್ತಿ ಪಾಠ ಕೇಳಿದ ಸುದ್ದಿಗಳನ್ನು ತಾವೆಲ್ಲ ಓದಿದ್ದೀರಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾದ ಬೆಲೆ ಇಳಿದ ಮೇಲೆ ಇನ್ನು ಎಲ್ಲ ಕಡೆಗೂ ಎಲ್ಲವೂ ಮುಟ್ಟಿತೆಂದು ನಾವು ನಂಬಿದ್ದೆವು. ಬೆಲೆ ಇಳಿಯುವುದು ಬೇರೆ, ಮನೆಗೆ ಮುಟ್ಟುವುದು ಬೇರೆ ಎಂಬುದನ್ನು ಆ ಕೊಡೆ ನಮಗೆ ಕಲಿಸಿತು.

ಬ್ಯಾಂಕಿನ ಮಾತನ್ನೇ ಹೇಳುವುದಾದರೆ, ನಾನು ಕೆಲವು ಕಾಲ ಒಂದು ಗ್ರಾಮೀಣ ಶಾಖೆಯಲ್ಲಿ ಕೆಲಸ ಮಾಡಿದ್ದೇನೆ. ಹಿಂದಿನ ಕಾಲದಲ್ಲಿ ಖಾತೆಯ ಲೆಡ್ಜರು ಶಾಖೆಯ ಬೀರುವಿನಲ್ಲೇ ಇರುತ್ತಿತ್ತು. ಈಗ ಅದು ಎಲ್ಲೋ ದೂರದ ನಗರದ ಯಂತ್ರದಲ್ಲಿದೆ. ತಂತಿ ಕಡಿದರೆ ಬ್ಯಾಂಕೆಂಬುದು ನಾಲ್ಕು ಗೋಡೆ, ಎರಡು ಫ್ಯಾನು, ಅಷ್ಟೆ. "ಲಿಂಕ್ ಇಲ್ಲ" ಎಂಬ ಎರಡು ಮಾತನ್ನು ದಿನಕ್ಕೆ ಐವತ್ತು ಸಲ ಹೇಳಿದ ದಿನಗಳುಂಟು. ವೃದ್ಧಾಪ್ಯ ವೇತನಕ್ಕೆಂದು ಹನ್ನೆರಡು ಕಿಲೋಮೀಟರ್ ದೂರದಿಂದ ಟಂಟಂ ಏರಿ ಬಂದ ಅಜ್ಜಿ ಸಂಜೆಯವರೆಗೆ ಕಟ್ಟೆಯ ಮೇಲೆ ಕುಳಿತು ಬರಿಗೈಯಲ್ಲಿ ಹಿಂದಿರುಗುವಳು. ಹೋಗಿಬರುವ ಬಾಡಿಗೆ ಅವಳದೇ. ದೂರು ಬರೆಸಿದರೆ ದೂರದೂರಿನ ಕಚೇರಿಯೊಂದು ನಂಬರು ಕೊಡುತ್ತಿತ್ತು, ಮನುಷ್ಯನನ್ನು ಕಳಿಸುತ್ತಿರಲಿಲ್ಲ. ಆ ಊರಿನ ಕೇಬಲ್ ಹುಡುಗ ಮಾತ್ರ ತನ್ನ ಮೋಟಾರು ಸೈಕಲ್ಲಿನ ಮೇಲೆ ಏಣಿ ಕಟ್ಟಿಕೊಂಡು ಕತ್ತಲಾದ ಮೇಲೂ ಮನೆಮನೆಗೆ ತಂತಿ ಜೋಡಿಸುತ್ತ ಓಡಾಡುವುದನ್ನು ಶಾಖೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಹತ್ತಿರದವನ ಬೆಲೆಯೇನೆಂಬುದು ನನಗೆ ಮನದಟ್ಟಾದದ್ದು ಅಲ್ಲಿ.

ಇನ್ನು ಅಂಥ ಹುಡುಗನ ಜಮೆ-ಖರ್ಚು. ಗಿರಾಕಿಯ ಲೆಕ್ಕವನ್ನು ಹೊರಗೆ ಹೇಳುವುದು ನಮ್ಮ ವೃತ್ತಿಗೆ ಸಲ್ಲದು. ಆದುದರಿಂದ ಊಹೆಯ ಒಂದು ಲೆಕ್ಕವನ್ನು ಕೊಡುತ್ತೇನೆ. ಒಂದು ಹೋಬಳಿಯ ಊರು, ಸುತ್ತ ಮೂರು ಹಳ್ಳಿ. ಒಟ್ಟು 100 ಮನೆಗಳು ಸಂಪರ್ಕ ಪಡೆದಿವೆ ಎನ್ನೋಣ. ಮನೆಗೆ ತಿಂಗಳಿಗೆ 400 ರೂಪಾಯಿ. ಇದರ ಮೇಲೆ ಶೇಕಡಾ 18ರ ಜಿ.ಎಸ್.ಟಿ. 72 ರೂಪಾಯಿ, ಅದು ಸರಕಾರಕ್ಕೆ ಸೇರಿದ್ದು, ಬಿಡೋಣ. ಬಂದದ್ದು 40,000. ದೊಡ್ಡ ಕಂಪೆನಿಯೊಂದಿಗೆ ಅರ್ಧರ್ಧದ ಕರಾರಾದರೆ ಇವನ ಪಾಲು 20,000. ಸಹಾಯಕನ ಸಂಬಳ 9,000, ಕಂಬದ ಬಾಡಿಗೆ, ವಿದ್ಯುತ್ತು, ಬ್ಯಾಟರಿಗೆ 2,500, ಪೆಟ್ರೋಲಿಗೆ 2,000, ಕಡಿದ ತಂತಿ, ಸುಟ್ಟ ಡಬ್ಬಿಗಳಿಗೆ 2,500. ಒಟ್ಟು ಖರ್ಚು 16,000. ಉಳಿದದ್ದು 4,000. ತಂತಿಗೂ, ಗಾಜಿನ ಎಳೆಗಳನ್ನು ಬೆಸೆಯುವ ಯಂತ್ರಕ್ಕೂ ಅವನು 4 ಲಕ್ಷ ಸಾಲ ಮಾಡಿದ್ದರೆ, ಶೇಕಡಾ 12ರಂತೆ ತಿಂಗಳ ಬಡ್ಡಿಯೇ 4,000. ಅಲ್ಲಿಗೆ ಬೋಳು! ಅಸಲೆಲ್ಲಿ, ಮನೆಯ ಅನ್ನವೆಲ್ಲಿ? ಈ ನೂರರಲ್ಲಿ ಇಪ್ಪತ್ತು ಮನೆಯವರು "ಮುಂದಿನ ತಿಂಗಳು ಕೊಡೋಣ ತಗೋ" ಎಂದರೆ ಇವನ ಪಾಲು 16,000ಕ್ಕೆ ಇಳಿದು ಬಡ್ಡಿಗೂ ಮೋಸ. ಅದೇ 150 ಮನೆಗಳಾದರೆ ಪಾಲು 30,000, ಖರ್ಚು 18,000ಕ್ಕೆ ಏರಿದರೂ ಬಡ್ಡಿ ಕಳೆದು 8,000 ಉಳಿಯುತ್ತದೆ, ಬದುಕು ಉಸಿರಾಡುತ್ತದೆ. ನೂರಕ್ಕೂ ನೂರೈವತ್ತಕ್ಕೂ ನಡುವೆ ಇಷ್ಟು ಅಂತರ!

ಹೈದರಾಬಾದಿನ ಒಂದೇ ಅಪಾರ್ಟ್‌ಮೆಂಟಿನಲ್ಲಿ 100 ಮನೆಗಳು ದೊರೆಯುತ್ತವೆ. ಕೆಲವು ನೂರು ಮೀಟರ್ ತಂತಿ ಸಾಕು. ಹಳ್ಳಿಯಲ್ಲಿ ಅಷ್ಟೇ ಮನೆಗಳಿಗೆ ಹತ್ತು ಕಿಲೋಮೀಟರ್ ಎಳೆಯಬೇಕು. ನಡುವೆ ಹೊಲ, ಹಳ್ಳ, ಹುಣಸೆಮರ, ಅಗೆಯುವ ಜೆ.ಸಿ.ಬಿ. ದೊಡ್ಡ ಕಂಪೆನಿಗಳು ನಗರಕ್ಕೆ ಮೊದಲು ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಷೇರುದಾರರಿಗೆ ಅವರು ಉತ್ತರ ಕೊಡಬೇಕು. ಊರಿನವನು ಉತ್ತರ ಕೊಡಬೇಕಾದದ್ದು ಜಾತ್ರೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಸಂತೆಯಲ್ಲಿ ಎದುರಾಗುವ ಗಿರಾಕಿಗೆ. ತಂತಿ ಕಡಿದು ಮೂರು ದಿನವಾದರೆ ಅವನು ಆ ಓಣಿಯಲ್ಲಿ ತಲೆಯೆತ್ತಿ ನಡೆಯಲಾರ. ಅಷ್ಟೇ ಅಲ್ಲ, ಅವನೊಂದಿಗೆ ನಮ್ಮ ತಾಯಿ ಕನ್ನಡದಲ್ಲಿ ಜಗಳವಾಡಬಹುದು! ಯಂತ್ರದ ದನಿ "ಒಂದು ಒತ್ತಿ, ಎರಡು ಒತ್ತಿ" ಎಂದು ಪರಭಾಷೆಯಲ್ಲಿ ಹೇಳುವಾಗ ಎಪ್ಪತ್ತು ವರುಷದ ಮುದುಕಿ ಏನನ್ನು ಒತ್ತಿಯಾಳು? ಭಾಷೆಯ ಹಕ್ಕೆಂಬುದು ಇಂಥ ಸಣ್ಣ ಜಾಗಗಳಲ್ಲಿಯೂ ಇದೆ.

ಸರಕಾರ ಸುಮ್ಮನೆ ಕುಳಿತಿಲ್ಲ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟವು ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಗಾಜಿನ ತಂತಿ ಮುಟ್ಟಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ಇಂದಿನ ಭಾರತ್‌ನೆಟ್. ಆದರೆ "ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ" ಎಂಬ ಗಾದೆ ಸುಳ್ಳಲ್ಲ. ತಂತಿ ಪಂಚಾಯತಿ ಕಚೇರಿಯವರೆಗೆ ಬಂತು. ಅನೇಕ ಕಡೆ ಅಲ್ಲಿಯೇ ನಿಂತಿತು. ಕಚೇರಿಯ ಮೂಲೆಯಲ್ಲಿ ಯಂತ್ರದ ಮೇಲೆ ಧೂಳು, ಕರೆಂಟು ಹೋದರೆ ಬ್ಯಾಟರಿಯಿಲ್ಲ, ಮನೆಗಳಿಗೆ ಎಳೆಯುವವರಿಲ್ಲ. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆ ಮಂಜೂರಾಯಿತು. ಅದರಲ್ಲಿ ಹಳ್ಳಿಯ ಉದ್ಯಮಿಗಳ ಮೂಲಕವೇ ಮನೆಮನೆಗೆ ಸಂಪರ್ಕ ಕೊಟ್ಟು ಆದಾಯವನ್ನು ಅರ್ಧರ್ಧ ಹಂಚಿಕೊಳ್ಳುವ ಏರ್ಪಾಡಿದೆ. ಕೊನೆಯ ಹೆಜ್ಜೆಯನ್ನು ಊರಿನವನೇ ಇಡಬೇಕೆಂಬ ಪಾಠವನ್ನು ಕಲಿಯಲು ಹನ್ನೆರಡು ವರ್ಷ ಹಿಡಿಯಿತು.

ನೆರೆಯವರ ಅನುಭವವೂ ಇದನ್ನೇ ಹೇಳುತ್ತದೆ. ಆಂಧ್ರಪ್ರದೇಶದವರು ನೆಲ ಅಗೆಯದೆ, ವಿದ್ಯುತ್ ಕಂಬಗಳ ಮೇಲೆಯೇ ಸುಮಾರು 24,000 ಕಿಲೋಮೀಟರ್ ತಂತಿ ಎಳೆದರು. ಆರಂಭದಲ್ಲಿ ತಿಂಗಳಿಗೆ 149 ರೂಪಾಯಿಗೆ ಇಂಟರ್ನೆಟ್, ಟಿ.ವಿ., ಫೋನು ಮೂರನ್ನೂ ಕೊಟ್ಟರು. ಮನೆಗೆ ಮುಟ್ಟಿಸಿದವರು ಊರೂರಿನ ಕೇಬಲ್‌ನವರು. ರೈಲು ಹಳಿಯ ಪಕ್ಕದ ತಂತಿಯನ್ನು ಮನೆಗೆ ತರುವ ರೈಲ್‌ವೈರ್ ಸೇವೆಯೂ ಸ್ಥಳೀಯ ಪಾಲುದಾರರ ಕೈಯಲ್ಲೇ ನಡೆಯುತ್ತದೆ. ನಮ್ಮ ತೆಲಂಗಾಣದಲ್ಲಿ ಮಿಷನ್ ಭಗೀರಥದ ಕುಡಿಯುವ ನೀರಿನ ಕೊಳವೆಗೆಂದು ಅಗೆದ ಕಾಲುವೆಯಲ್ಲಿಯೇ ಟಿ-ಫೈಬರಿನ ಕೊಳವೆಯನ್ನೂ ಇಟ್ಟರು. ಒಂದೇ ಅಗೆತ, ಎರಡು ಉಪಕಾರ! 2024ರ ಡಿಸೆಂಬರಿನಲ್ಲಿ ಕೆಲವು ಹಳ್ಳಿಗಳಲ್ಲಿ ಅದರ ಪ್ರಾಯೋಗಿಕ ಸೇವೆ ಆರಂಭವಾಯಿತು. ಕೇರಳದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿಯ ಸಣ್ಣ ಕೇಬಲ್‌ನವರೆಲ್ಲ ತಮ್ಮ ಸಂಘದ ಮೂಲಕ ಒಂದಾಗಿ ಕೇರಳ ವಿಷನ್ ಎಂಬ ಕಂಪೆನಿಯನ್ನು ಕಟ್ಟಿದರು. ಕಾಸರಗೋಡಿನ ಬಂಧುಗಳಿಗೆ ಈ ಹೆಸರು ಪರಿಚಿತವಿರಬಹುದು. ತಂತಿಯ ಇಂಟರ್ನೆಟ್ ಕೊಡುವವರ ಪೈಕಿ ದೇಶದ ಮೊದಲ ಐವರಲ್ಲಿ ಒಂದಾಗಿ ಅದರ ಹೆಸರು ಟ್ರಾಯ್ ಸಂಸ್ಥೆಯ ವರದಿಗಳಲ್ಲಿ ಜಿಯೋ, ಏರ್‌ಟೆಲ್‌ಗಳ ಪಕ್ಕದಲ್ಲಿ ಬಂದಿದೆ. ಹನಿಗೂಡಿದರೆ ಹಳ್ಳ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಸಣ್ಣವರೆಲ್ಲ ಸಾಧುಗಳೆಂದು ನಾನು ಹೇಳುತ್ತಿಲ್ಲ. ರಸೀತಿ ಕೊಡದವರಿದ್ದಾರೆ. ಗಿರಾಕಿಯ ಗುರುತಿನ ಪತ್ರವನ್ನೇ ನೋಡದೆ ಸಂಪರ್ಕ ಕೊಡುವವರಿದ್ದಾರೆ. "ಈ ಓಣಿ ನನ್ನದು, ಬೇರೆಯವನು ಕಾಲಿಡಬಾರದು" ಎಂದು ಪಾಳೆಯಗಾರಿಕೆ ಮಾಡುವವರಿದ್ದಾರೆ. ಕಂಬದ ಮೇಲೆ ಜೇಡರ ಬಲೆಯಂತೆ ತಂತಿ ಹೆಣೆದು, ಸತ್ತ ತಂತಿಯನ್ನೂ ತೆಗೆಯದೆ ಹೊಸದನ್ನು ಹೇರುವವರು ಬಹಳ. ಇದರಲ್ಲಿ ದೊಡ್ಡ ಕಂಪೆನಿಗಳೂ ಹಿಂದೆ ಬಿದ್ದಿಲ್ಲ. 2025ರ ಆಗಸ್ಟಿನಲ್ಲಿ ನಮ್ಮ ರಾಮಂತಾಪುರದಲ್ಲಿ ಕೃಷ್ಣಾಷ್ಟಮಿಯ ರಥ ಎಳೆಯುವಾಗ ವಿದ್ಯುತ್ ತಗುಲಿ ಐವರು ಪ್ರಾಣ ಕಳೆದುಕೊಂಡದ್ದನ್ನು ನಾವಾರೂ ಮರೆತಿಲ್ಲ. ಆಮೇಲೆ ವಿದ್ಯುತ್ ಸಂಸ್ಥೆಯವರು ಕಂಬಗಳ ಮೇಲಿನ ಕೇಬಲ್ಲುಗಳನ್ನು ಕತ್ತರಿಸತೊಡಗಿದರು. ನಗರದ ಬಹು ಭಾಗಗಳಲ್ಲಿ ಇಂಟರ್ನೆಟ್ ನಿಂತಿತು. ವಿಷಯ ಹೈಕೋರ್ಟಿನವರೆಗೆ ಹೋಯಿತು. ಜೀವಕ್ಕಿಂತ ತಂತಿ ದೊಡ್ಡದಲ್ಲ. ಇದರಲ್ಲಿ ಎರಡು ಮಾತಿಲ್ಲ. ಆದರೆ ಕತ್ತರಿಸುವುದು ಒಂದು ದಿನದ ಕೆಲಸ. ಕಂಬಕ್ಕೆ ನ್ಯಾಯವಾದ ಬಾಡಿಗೆ, ತಂತಿಗೆ ಗುರುತಿನ ಚೀಟಿ, ಹಾಕುವುದಕ್ಕೆ ನಿಯಮ, ತೆಗೆಯುವುದಕ್ಕೆ ಗಡುವು, ಇವನ್ನು ನಡೆಸುವುದು ನಿತ್ಯದ ಕೆಲಸ. ದಾರಿಯ ಹಕ್ಕನ್ನು ಕುರಿತ ಕೇಂದ್ರದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದಿವೆ. ಕಾಗದದ ಮೇಲಿನ ನಿಯಮ ಕಂಬದ ಮೇಲೆ ಕಾಣಬೇಕು.

ಸಾಲದ ಮಾತನ್ನು ಬ್ಯಾಂಕಿನವನಾಗಿ ಹೇಳದಿದ್ದರೆ ಕರ್ತವ್ಯಲೋಪವಾದೀತು. ಟ್ರಾಕ್ಟರಿಗೆ ಸಾಲ ಕೇಳಿದರೆ ಟ್ರಾಕ್ಟರೇ ಆಧಾರ. ಹತ್ತು ಕಿಲೋಮೀಟರ್ ಉದ್ದ ಕಂಬದಿಂದ ಕಂಬಕ್ಕೆ ಹರಡಿದ ತಂತಿಯನ್ನು ಜಪ್ತಿ ಮಾಡಿ ಯಾರಿಗೆ ಮಾರುವುದು? ಆದುದರಿಂದಲೇ ಇವರ ಅರ್ಜಿಯನ್ನು ಕಂಡರೆ ಮ್ಯಾನೇಜರರು ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. 2015ರ ಏಪ್ರಿಲಿನಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಆಧಾರವಿಲ್ಲದೆಯೇ ಸಾಲ ಕೊಡಲು ಅವಕಾಶವಿದೆ: 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ಆದರೆ ನಾವು ನೋಡುವುದು ತಿಂಗಳು ತಿಂಗಳು ಖಾತೆಗೆ ಬಂದ ಜಮೆಯನ್ನು. ಗಿರಾಕಿಗಳು ಕೈಯಲ್ಲಿ ಚಿಲ್ಲರೆ ಕೊಟ್ಟು, ಅವನು ಅದನ್ನು ಜೇಬಿನಲ್ಲೇ ಖರ್ಚುಮಾಡಿದರೆ, ಹತ್ತು ವರ್ಷ ದುಡಿದರೂ ಬ್ಯಾಂಕಿನ ಕಣ್ಣಿಗೆ ಅವನು ದುಡಿಯದವನೇ. ರಸೀತಿ ಗಿರಾಕಿಗೆ ಮಾತ್ರ ರಕ್ಷೆಯೆಂದು ತಿಳಿಯಬೇಡಿ. ಅದು ಉದ್ಯಮಿಗೂ ರಕ್ಷೆ. ಒಬ್ಬನಿಗೆ ಇಷ್ಟು ಭಾರ ಹೆಚ್ಚಾದರೆ ಹತ್ತು ಜನ ಕೂಡಿ ಹೊರಬಹುದಲ್ಲವೆ?

ಕೂಡಿ ಮಾಡುವುದು ಕನ್ನಡಿಗರಿಗೆ ಹೊಸದಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿ ದೇಶಕ್ಕೇ ಮೇಲ್ಪಂಕ್ತಿ ಹಾಕಿದರು. ಹಳ್ಳಿಗೆ ವಿದ್ಯುತ್ತು ಬರುವ ಕಾಲದಲ್ಲಿಯೂ ಹೀಗೆಯೇ ನಡೆಯಿತು. 1969-70ರ ವೇಳೆಗೆ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿಯೂ, ನಮ್ಮ ತೆಲಂಗಾಣದ ಸಿರಿಸಿಲ್ಲದಲ್ಲಿಯೂ ರೈತರೇ ಸದಸ್ಯರಾಗಿ ವಿದ್ಯುತ್ ಸಹಕಾರ ಸಂಘಗಳು ಹುಟ್ಟಿದವು. ಅರ್ಧ ಶತಮಾನ ದಾಟಿ ಮನೆಮನೆಗೆ ದೀಪ ಹೊತ್ತಿಸುತ್ತ ಬಂದಿವೆ. ವಿದ್ಯುತ್ತಿಗೆ ಆದದ್ದು ಇಂಟರ್ನೆಟ್ಟಿಗೆ ಏಕಾಗಬಾರದು? ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ಹಳ್ಳಿಗರು, ದೊಡ್ಡ ಕಂಪೆನಿಗಳು ಬಾರವೆಂದು ತಿಳಿದಾಗ, 2011ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಷೇರು ಹಣ ಕೂಡಿಸಿದರು. ತಮ್ಮ ಹೊಲಗಳಲ್ಲಿ ತಾವೇ ಗುದ್ದಲಿ ಹಿಡಿದು ತಂತಿ ಹೂಳಿದರು. ನಮ್ಮಲ್ಲಿಯೂ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಎಂಬ ಸಂಸ್ಥೆ ಊರಿನವರೊಂದಿಗೆ ಸೇರಿ ವೈಫೈ ಜಾಲವೊಂದನ್ನು ನೆಯ್ದಿದೆ. ಹೊರಗಿನ ಇಂಟರ್ನೆಟ್ ಇಲ್ಲದ ಹೊತ್ತಿನಲ್ಲಿಯೂ ಊರಿನವರು ತಮ್ಮ ಮಾತನ್ನು ತಮ್ಮೊಳಗೇ ಕೇಳಿಕೊಳ್ಳಬಲ್ಲಂಥ ಜಾಲ ಅದು. ಪ್ರಯೋಗ ಸಣ್ಣದು, ಆದರೆ ಊರಿನವರ ಕೈಯದು.

ಬಂಡವಾಳವಿಲ್ಲದವರಿಗೂ ಒಂದು ಬಾಗಿಲಿದೆ. 2020ರ ಡಿಸೆಂಬರ್ 9ರಂದು ಒಪ್ಪಿಗೆಯಾದ ಪಿ.ಎಂ.-ವಾಣಿ ಯೋಜನೆಯಲ್ಲಿ, ಕಿರಾಣಿ ಅಂಗಡಿಯವನೂ ಚಹಾದಂಗಡಿಯವನೂ ಲೈಸೆನ್ಸಿಲ್ಲದೆ, ಶುಲ್ಕವಿಲ್ಲದೆ ವೈಫೈ ಮಾರಬಹುದು. ಕಂಪೆನಿಗಳು ಇಂಥವರಿಗೆ ಹೇಳುತ್ತಿದ್ದ ದರ ದುಬಾರಿಯಾಗಿದ್ದುದರಿಂದ ಯೋಜನೆ ಕುಂಟಿತು. 2025ರಲ್ಲಿ ಟ್ರಾಯ್, ಸಾಮಾನ್ಯ ಗಿರಾಕಿಯ ದರದ ಎರಡರಷ್ಟನ್ನು ಮೀರಕೂಡದೆಂದು ಆಜ್ಞೆ ಮಾಡಿತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಇದರಿಂದ ನಾಲ್ಕು ಕಾಸು ಹುಟ್ಟಿದರೆ ಒಳ್ಳೆಯದೇ.

ಇಷ್ಟು ಕೇಳಿದ ಮೇಲೆ, ಹೈದರಾಬಾದಿನಲ್ಲಿ ಕುಳಿತ ನಾವು ಮಾಡಬಹುದಾದದ್ದೇನು? ಮೂರು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ.

ಒಂದು: ಊರಿನ ಮನೆಗೆ ಸಂಪರ್ಕ ಹಾಕಿಸುವಾಗ ಬರಿಯ ವೇಗವನ್ನೂ ಬೆಲೆಯನ್ನೂ ಕೇಳಬೇಡಿ. ತಂತಿ ಕಡಿದರೆ ಯಾರು ಬರುತ್ತಾರೆ, ಎಷ್ಟು ಹೊತ್ತಿನಲ್ಲಿ ಬರುತ್ತಾರೆ, ಯಾವ ಲೈಸೆನ್ಸುದಾರನ ಹೆಸರಿನಲ್ಲಿ ವ್ಯಾಪಾರ ನಡೆದಿದೆ ಎಂದು ಕೇಳಿ. ಸರಿಯಾದ ಉತ್ತರ ಊರಿನವನಿಂದ ಬಂದರೆ ಐವತ್ತು ರೂಪಾಯಿ ಹೆಚ್ಚಾದರೂ ಅವನಿಗೇ ಕೊಡಿ. ಉತ್ತರ ಸರಿಯಿಲ್ಲದಿದ್ದರೆ, ನಮ್ಮೂರಿನವನೆಂಬ ಒಂದೇ ಕಾರಣಕ್ಕೆ ಕೊಡಬೇಡಿ.

ಎರಡು: ತಂದೆತಾಯಿಗಳ ಸಂಪರ್ಕದ ಹಣವನ್ನು ಇಲ್ಲಿಂದಲೇ ತಾರೀಖಿಗೆ ಸರಿಯಾಗಿ ಅವನ ಖಾತೆಗೆ ಕಳಿಸಿ, ರಸೀತಿ ಕೇಳಿ. ಹಿಂದೆ ಹೇಳಿದ ಇಪ್ಪತ್ತು ಮನೆಗಳ ಲೆಕ್ಕವನ್ನು ನೆನೆಯಿರಿ. ನಮ್ಮ 400 ರೂಪಾಯಿ ತಡವಾದರೆ ಮುಗ್ಗರಿಸುವುದು ಅವನೊಬ್ಬನೇ ಅಲ್ಲ, ಓಣಿಯೆಲ್ಲ.

ಮೂರು: ಹೈಟೆಕ್ ಸಿಟಿಯಲ್ಲಿ ಇದೇ ಜಾಲಗಳ ವಿದ್ಯೆಯಿಂದ ಅನ್ನ ಉಣ್ಣುವ ಕನ್ನಡ ತರುಣ ತರುಣಿಯರು ನಮ್ಮ ಸಂಘದಲ್ಲಿದ್ದಾರೆ, ಲೆಕ್ಕಪತ್ರ ಬಲ್ಲವರೂ ಇದ್ದಾರೆ. ದೀಪಾವಳಿಗೋ ಯುಗಾದಿಗೋ ಊರಿಗೆ ಹೋದಾಗ ಅರ್ಧ ದಿನ ಆ ಕೇಬಲ್‌ನವನ ಕೋಣೆಯಲ್ಲಿ ಕುಳಿತು, ಅವನ ಯಂತ್ರವನ್ನೋ ಜಿ.ಎಸ್.ಟಿ. ಪತ್ರವನ್ನೋ ಸಾಲದ ಅರ್ಜಿಯನ್ನೋ ಸರಿಪಡಿಸಿ ಕೊಡಬಹುದು. ಸಾಲದ ಅರ್ಜಿಯ ಮಟ್ಟಿಗೆ ನಾನು ಸಿದ್ಧನಿದ್ದೇನೆ. ಭಾನುವಾರಗಳಂದು ಸಂಘದ ವಾಚನಾಲಯದಲ್ಲಿ ದೊರೆಯುತ್ತೇನೆ.

ಸೋದರ ಸೋದರಿಯರೇ, ನಾಡು ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ನಕ್ಷೆಯ ಗೆರೆಗಳು. ಆ ಗೆರೆಯ ಒಳಗಿನ ಊರುಗಳಲ್ಲಿ ಮಕ್ಕಳು ಓದುವಂತಿರಬೇಕು, ಮುದುಕರಿಗೆ ವೇತನ ಸಿಗುವಂತಿರಬೇಕು, ದುಡಿಯುವವರು ಅಲ್ಲಿಯೇ ಕುಳಿತು ದುಡಿಯುವಂತಿರಬೇಕು. ಇಲ್ಲವಾದರೆ ಆ ಊರುಗಳಿಂದ ಇನ್ನಷ್ಟು ಮನೆತನಗಳು ಬೀಗ ಹಾಕಿ ನಮ್ಮ ಹಿಂದೆಯೇ ಹೊರಟು ಬರುತ್ತವೆ. ಬಂದವರನ್ನು ನಾವು ಇಲ್ಲಿ ಸಂತೋಷದಿಂದ ಸಂಘಕ್ಕೆ ಸೇರಿಸಿಕೊಳ್ಳುತ್ತೇವೆ, ಅಲ್ಲಿ ಮಾತ್ರ ದೀಪ ಹಚ್ಚುವವರಿರುವುದಿಲ್ಲ. ಏಣಿ ಹೊತ್ತು ಕಂಬ ಹತ್ತುವ ಆ ಹುಡುಗರು ಊರುಗಳನ್ನು ಊರಾಗಿ ಉಳಿಸುವ ಕೆಲಸದಲ್ಲಿ ತಮ್ಮ ಪಾಲನ್ನು ಸಲ್ಲಿಸುತ್ತಿದ್ದಾರೆ. ನಮ್ಮ ಪಾಲನ್ನು ನಾವು ಸಲ್ಲಿಸೋಣ.